ಗುಡ್ಡಮ್ಮ ಹಾಸಿದ ಕಂಬಳಿ

ಗುಡ್ಡಮ್ಮನ ಬಗ್ಗೆ ಬರೆಯುವುದಕ್ಕೆ ನನಗಿರುವ ಅರ್ಹತೆ ಬಹಳ ದೊಡ್ಡದೇನೂ ಅಲ್ಲ. ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ, ಸೊರಬದ ನಾಟಕದ ಟೆಂಟಿನೊಳಗೆ, ನಾನು ಅವಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಅವಳನ್ನು ಆ ಕುರ್ಚಿಯಿಂದ ಎಬ್ಬಿಸಿದಾಗ ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ಅವಳ ಕ್ಷಮೆ ಕೇಳುವ ಭಾಷಣ ಬರೆದುಕೊಟ್ಟವನೂ ನಾನೇ. ಭಾಷಣ ಬಹಳ ಚೆನ್ನಾಗಿತ್ತು ಎಂದು ಊರಿಗೆ ಊರೇ ಹೊಗಳಿತು. ನಾನು ಆಗ ಅಲ್ಲಿ ಕನ್ನಡದ ಮೇಷ್ಟ್ರು. ಹೊಗಳಿಕೆ ಸಿಕ್ಕರೆ ಒಂದು ಹೊತ್ತಿನ ಊಟ ಬಿಡುತ್ತಿದ್ದ ಜಾತಿ ನಮ್ಮದು.

ಗುಡ್ಡಮ್ಮ ಶಿಕಾರಿಪುರ ತಾಲ್ಲೂಕಿನ ಮೂಡಲ ದಿಕ್ಕಿನ ಹಳ್ಳಿಯವಳು. ಕುರಿ ಸಾಕುವ ಮನೆತನ. ಗಂಡ ತೀರಿಕೊಂಡ ಮೇಲೆ ತಮ್ಮ ಸಣ್ಣಬೀರಪ್ಪನ ಹಟ್ಟಿಯಲ್ಲೇ ಇದ್ದಳು. ಪ್ರತಿ ವರ್ಷ ಸುಗ್ಗಿ ಮುಗಿದು ಗದ್ದೆಗಳು ಬರಿದಾದ ಮೇಲೆ ಅವರ ಕುರಿಗಳೆಲ್ಲ ಸೊರಬದ ಕಡೆಗೆ ಹೊರಡುತ್ತಿದ್ದವು. ಕುರಿಗಳ ಹಿಂದೆ ಗಂಡಸರು, ಗಂಡಸರ ಹಿಂದೆ ಗುಡ್ಡಮ್ಮ. ನಡೆಯುವಾಗಲೂ ಅವಳ ಕೈಯಲ್ಲಿ ಉಣ್ಣೆ ನೂಲುವ ಕದಿರು ತಿರುಗುತ್ತಲೇ ಇರುತ್ತಿತ್ತು. ಕದಿರನ್ನೇ ನೋಡದೆ, ದಾರಿಯನ್ನೂ ಸರಿಯಾಗಿ ನೋಡದೆ, ಎದುರು ಬಂದವರ ಜೊತೆ ಜಗಳವಾಡುತ್ತ ಎಳೆ ಕಡಿಯದ ಹಾಗೆ ನೂಲುತ್ತಿದ್ದಳು. ನಮ್ಮ ಹೆಡ್ ಮಾಸ್ಟರು ಒಮ್ಮೆ ಅದನ್ನು ನೋಡಿ, ಮಕ್ಕಳಿಗೆ ಏಕಾಗ್ರತೆಯ ಪಾಠಕ್ಕೆ ಇವಳನ್ನು ಕರೆಸಬೇಕು ಎಂದಿದ್ದರು. ಕರೆಸಲಿಲ್ಲ, ಆ ಮಾತು ಬೇರೆ.

ಅವಳಿಗೆ ನಾಟಕದ ಹುಚ್ಚು. ಓದು ಬಾರದು. ಆದರೆ ಎರಡು ಸಲ ನೋಡಿದ ನಾಟಕ ಪೂರ್ತಿ ಬಾಯಿಗೆ ಬರುತ್ತಿತ್ತು. ನೆಲದ ಟಿಕೇಟು ಕೊಂಡು ಮುಂದೆ ಕೂತಳೆಂದರೆ ಖಳನಾಯಕನಿಗೆ ಅಲ್ಲಿಂದಲೇ ಬೈಗುಳ. ಯಾರಾದರೂ ಮಾತು ಮರೆತರೆ ಪರದೆಯ ಹಿಂದಿನವನು ಉಸಿರೆತ್ತುವ ಮೊದಲೇ ಇವಳು ಕೂಗಿ ಹೇಳಿಬಿಡುತ್ತಿದ್ದಳು. ಮರುದಿನ ಹಟ್ಟಿಯಲ್ಲಿ ಟೆಂಟಿಗೆ ಬಾರದವರನ್ನೆಲ್ಲ ಕೂರಿಸಿಕೊಂಡು ರಾಜನೂ ತಾನೇ, ರಾಣಿಯೂ ತಾನೇ, ಕುದುರೆಯೂ ತಾನೇ ಆಗಿ ಇಡೀ ನಾಟಕ ಮಾಡಿ ತೋರಿಸುವಳು. ಸಣ್ಣಬೀರಪ್ಪ ನನ್ನ ಹತ್ತಿರ ಹೇಳಿದ್ದ, “ಕಂಪನಿಯೋರಿಗಿಂತ ನಮ್ಮಕ್ಕಂದೇ ಚೊಲೋ ಇರ್ತೈತ್ರೀ. ಅಲ್ಲಿ ಹಾಡು ಜಾಸ್ತಿ, ಇಲ್ಲಿ ಬೈಗುಳ ಜಾಸ್ತಿ.”

ಆ ವರ್ಷ ಸೊರಬಕ್ಕೆ ಬಂದ ಕಂಪನಿಯಲ್ಲಿ ನಾಟ್ಯಭಾಸ್ಕರ ಲೋಕಪ್ಪನವರಿದ್ದರು. ಅವರ ಹಾಡಿಗೆ ಶಿಕಾರಿಪುರದಿಂದ ಜನ ಎತ್ತಿನಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅವರು ಕುಡಿದ ಸೋಡಾದ ಬಾಟಲಿಯನ್ನು ಅಂಗಡಿಯವನು ತೊಳೆಯದೆ ಇಟ್ಟುಕೊಂಡಿದ್ದ ಎಂದು ಸುದ್ದಿ. ನಾನು ಆ ಬಾಟಲಿ ನೋಡಿಲ್ಲ. ನೋಡಬೇಕೆಂದು ಹೋಗಿದ್ದಂತೂ ನಿಜ.

ಮೆಚ್ಚಿದ ನಟರಿಗೆ ನಾಟಕದ ನಡುವೆ ರಂಗದ ಮೇಲೇ ಉಡುಗೊರೆ ಕೊಡುವುದು ಆಗಿನ ರೂಢಿ. ಉಳ್ಳವರು ಬೆಳ್ಳಿ ಪದಕ ಹಾಕುವರು, ಇಲ್ಲದವರು ನಿಂಬೆಹಣ್ಣು ಕೊಡುವರು. ಗುಡ್ಡಮ್ಮ ಲೋಕಪ್ಪನವರಿಗೆಂದೇ ಒಂದು ಕರಿ ಕಂಬಳಿ ಮಾಡಿಸಿದ್ದಳು. ನೂಲು ಅವಳದು, ನೇಯ್ಗೆ ತಮ್ಮನದು. ಹೊಸ ಕಂಬಳಿಗೆ ಹುಣಸೆ ಬೀಜ ಅರೆದು ಬೇಯಿಸಿದ ಗಂಜಿ ಹಾಕುತ್ತಾರೆ. ಅದು ಗಟ್ಟಿಯಾಗಿ ಕೂರಬೇಕಾದರೆ ಹಾಗೆ ಮಾಡಲೇಬೇಕು. ಒಂದೆರಡು ವಾರ ಆ ಗಂಜಿಯ ಹುಳಿ ವಾಸನೆ ಹೋಗುವುದಿಲ್ಲ. ನಾಟಕದ ದಿನಕ್ಕೆ ಸರಿಯಾಗಿ ಮುಗಿಯಲಿ ಎಂದು ಅವಸರ ಮಾಡಿದ್ದರಿಂದ ಅದನ್ನು ಬಿಸಿಲಿಗೆ ಹಾಕಿದ್ದು ಎರಡೇ ದಿನ. ರಂಗಕ್ಕೆ ಹತ್ತುವುದು ಸುಲಭವಾಗಲಿ ಎಂದು ಅವತ್ತು ನೆಲದ ಬದಲು ಮುಂದಿನ ಸಾಲಿನ ಕುರ್ಚಿಯ ಟಿಕೇಟನ್ನೇ ಕೊಂಡಿದ್ದಳು. ಕಂಬಳಿ ಮಡಿಲಲ್ಲಿ ಇಟ್ಟುಕೊಂಡು ನನ್ನ ಪಕ್ಕದಲ್ಲಿ ಬಂದು ಕೂತಳು. ಕುರ್ಚಿಯ ತುದಿಯಲ್ಲಿ ಕೂತಳು, ಅದು ಮುರಿದೀತೆಂಬ ಹಾಗೆ.

ಲೋಕಪ್ಪನವರದು ಅವತ್ತು ಸಂತನ ಪಾತ್ರ. ಜಾತಿಯೆಂಬುದೆಲ್ಲ ಸುಳ್ಳು, ಎಲ್ಲರ ಮೈಯೂ ಒಂದೇ ಮಣ್ಣು ಎಂದು ಹಾಡುತ್ತ ರಂಗದ ಅಂಚಿಗೆ ಬಂದರು. ಅಲ್ಲಿ ನಿಂತವರು ಹಾಡು ನಿಲ್ಲಿಸಿದರು. ಹಾರ್ಮೋನಿಯಂ ಎರಡು ಸ್ವರ ಮುಂದೆ ಹೋಗಿ ತಾನೂ ನಿಂತಿತು. ಲೋಕಪ್ಪನವರು ಗಾಳಿಯಲ್ಲಿ ಮೂಗು ಆಡಿಸಿ, ಗುಡ್ಡಮ್ಮನ ಕಡೆ ಬೆರಳು ತೋರಿಸಿದರು.

“ಏನ್ರಪಾ, ಮುಂದಿನ ಸಾಲಿನ್ಯಾಗ ಕುರಿ ಹಟ್ಟಿ ಹೂಡೀರೇನು? ಮೊದಲ ಈ ಕುರಿ ಹೊರಗ ಹೊಡೀರಿ. ಆಮ್ಯಾಲೆ ಹಾಡ್ತೀನಿ.”

ಟೆಂಟು ಬಿರಿಯುವ ಹಾಗೆ ಜನ ನಕ್ಕರು. ಅಡಿಕೆ ಮಂಡಿಯ ಸಾಹುಕಾರ ಚಂದ್ರಶೇಖರಪ್ಪನವರು ನಕ್ಕು ನಕ್ಕು ಕೆಮ್ಮು ಹತ್ತಿ ಬೆನ್ನು ಗುದ್ದಿಸಿಕೊಂಡರು. ನಾನು ನಕ್ಕಿದ್ದಲ್ಲದೆ ಹೆಗಲ ಮೇಲಿನ ವಲ್ಲಿಯ ತುದಿಯನ್ನು ಮೂಗಿಗೆ ಹಿಡಿದೆ. ಅದನ್ನು ನೋಡಿ ಹಿಂದಿನ ಸಾಲಿನವರು ಇನ್ನಷ್ಟು ನಕ್ಕರು. ಜನರನ್ನು ನಗಿಸಿದೆನಲ್ಲ ಎಂದು ನನಗೆ ಖುಷಿಯೂ ಆಯಿತು. ಇದನ್ನು ಈಗ ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆಗ ಆಗಲಿಲ್ಲ.

ಬಾಗಿಲು ಕಾಯುವವನು ಬಂದ. ಗುಡ್ಡಮ್ಮ ಎದ್ದು ನಿಂತು ಅವನಿಗೆ, “ಟಿಕೀಟು ಐತ್ರೀ,” ಎಂದು ತೋರಿಸಿದಳು. “ಹೋಗಿ ನೆಲದ ಮೇಲೆ ಕೂರು,” ಎಂದ ಅವನು. ಅವಳು ನೆಲದ ಮೇಲೂ ಕೂರಲಿಲ್ಲ. ಕಂಬಳಿ ಕಂಕುಳಿಗೆ ಸಿಕ್ಕಿಸಿಕೊಂಡು, ನಗುವವರ ನಡುವಿನಿಂದ ನೇರವಾಗಿ ಹೊರಗೆ ಹೋದಳು. ಲೋಕಪ್ಪನವರು ಎಲ್ಲರ ಮೈಯೂ ಒಂದೇ ಮಣ್ಣು ಎಂಬಲ್ಲಿಂದಲೇ ಮತ್ತೆ ಎತ್ತಿಕೊಂಡರು. ಬಹಳ ಚೆನ್ನಾಗಿ ಹಾಡಿದರು. ಜನ ಒನ್ಸ್ ಮೋರ್ ಎಂದು ಕೂಗಿದರು.

ಇದು ಇಷ್ಟಕ್ಕೇ ಮುಗಿಯುತ್ತಿತ್ತು. ಮುಗಿಯದಂತೆ ಮಾಡಿದ್ದು ನಮ್ಮ ಪಶ್ಚಾತ್ತಾಪವಲ್ಲ, ಕುರಿಗಳು.

ಬೇಸಿಗೆಯಲ್ಲಿ ಕುರಿಗಳನ್ನು ಗದ್ದೆಯಲ್ಲಿ ಕೂಡಿಹಾಕಿಸುವುದಕ್ಕೆ ಮಂದೆ ಹಾಕಿಸುವುದು ಎನ್ನುತ್ತಾರೆ. ನಾಲ್ಕು ದಿನ ಕುರಿ ಮಲಗೆದ್ದ ಗದ್ದೆಗೆ ಬೇರೆ ಗೊಬ್ಬರ ಬೇಡ. ಸೊರಬದ ಸುತ್ತಿನ ಗದ್ದೆಯವರು ಮಂದೆಗಾಗಿ ಕುರಿಯವರಿಗೆ ಬೇಕಾದ ಭತ್ತ ಅಳೆದುಕೊಟ್ಟು, ಸರದಿಗೆ ಕಾದು, ಒಬ್ಬರ ಮೇಲೊಬ್ಬರು ಚಾಡಿ ಹೇಳಿ ಮಂದೆ ಹಾಕಿಸಿಕೊಳ್ಳುತ್ತಿದ್ದರು. ನಾಟಕದ ಮರುದಿನ ಚಂದ್ರಶೇಖರಪ್ಪನವರ ಸರದಿ. ಅವರು ಗದ್ದೆಗೆ ಹೋಗಿ ನೋಡಿದರೆ ಒಂದು ಕುರಿಯೂ ಇಲ್ಲ. ಕುರಿಯವರ ಹಿರಿಯ ಚಿಕ್ಕಬೀರಪ್ಪ (ಗುಡ್ಡಮ್ಮನ ತಮ್ಮನಲ್ಲ, ಇವನು ಬೇರೆ) ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ.

“ನಮ್ಮ ಕುರಿ ನಾರ್ತಾವಂತೆ ರೀ ಸಾವ್ಕಾರ್ರೆ. ನಿಮ್ಮಂಥೋರ ಗದ್ದೆಗೆ ಯಾಕೆ ಆ ನಾತ?”

“ಅಯ್ಯೋ, ಅವನ್ಯಾರೋ ನಾಟಕದೋನು ಅಂದಿದ್ದಕ್ಕೆ ನನ್ ಗದ್ದೆ ಏನ್ ಮಾಡ್ತೋ ಮಾರಾಯ!”

“ಗುಡ್ಡಮ್ಮ ‘ಆತು’ ಅನ್ಲಿ. ಆಮೇಲೆ ಮಂದೆ.”

ವಾರದೊಳಗೆ ಟೆಂಟಿಗೆ ಹೋಗಿದ್ದ ಯಾರ ಗದ್ದೆಗೂ ಕುರಿ ಇಳಿಯುವುದಿಲ್ಲ ಎಂಬುದು ಖಚಿತವಾಯಿತು. ಕುರ್ಚಿಯ ಟಿಕೇಟು ಕೊಳ್ಳುವ ಶಕ್ತಿ ಇದ್ದವರೆಲ್ಲ ಗದ್ದೆಯಿದ್ದವರೇ. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ ಎಂದು ಚಿಕ್ಕಬೀರಪ್ಪ ಸಂತೆಯಲ್ಲಿ ಹೇಳಿಕೊಂಡು ತಿರುಗಿದ. ಆಗ ನೋಡಿ, ನಮ್ಮೂರಿನ ನ್ಯಾಯಪ್ರಜ್ಞೆ ಜಾಗೃತವಾದದ್ದು. ಚಂದ್ರಶೇಖರಪ್ಪನವರು ಮಂಡಿಯಲ್ಲಿ ಸಭೆ ಸೇರಿಸಿ ಮೇಜು ಗುದ್ದಿದರು. “ಒಬ್ಬ ಹೆಣ್ಣುಮಗಳಿಗೆ, ನಮ್ಮೂರಲ್ಲಿ, ನಮ್ಮ ಎದುರಿಗೇ ಇಂಥ ಅವಮಾನ! ಎಲ್ಲಿಗೆ ಬಂತ್ರೀ ಕಾಲ?” ಎಂದರು. ಕಾಲ ಎಲ್ಲಿಗೂ ಬಂದಿರಲಿಲ್ಲ, ಕೆಮ್ಮು ಹತ್ತುವಷ್ಟು ನಕ್ಕವರು ಇವರೇ. ಯಾರೂ ನೆನಪು ಮಾಡಲಿಲ್ಲ. ಲೋಕಪ್ಪನವರು ಬಹಿರಂಗವಾಗಿ ಕ್ಷಮೆ ಕೇಳಬೇಕು, ಇಲ್ಲದಿದ್ದರೆ ಟೆಂಟಿನ ಗೂಟ ಕೀಳಿಸುವುದು ಎಂದು ತೀರ್ಮಾನವಾಯಿತು. ಟೆಂಟು ಹಾಕಿದ್ದ ಜಾಗ ಸಾಹುಕಾರರದೇ.

ಲೋಕಪ್ಪನವರು ಮೊದಲು ಹಾರಾಡಿದರು. ಕಲಾವಿದನ ಮೂಗು ಸೂಕ್ಷ್ಮ ಎಂದರು. ಗೂಟದ ಮಾತು ಬಂದ ಮೇಲೆ ಮೂಗು ಮಾಮೂಲಾಯಿತು. ಆದರೆ ಹೇಳುವ ಮಾತನ್ನು ಯಾರಾದರೂ ಬರೆದುಕೊಡಬೇಕು, ಬರೆದ ಮಾತಿಲ್ಲದೆ ಜನರ ಮುಂದೆ ನಿಂತು ಅಭ್ಯಾಸವಿಲ್ಲ ಎಂದರು.

ಸಾಹುಕಾರರು ನನ್ನ ಮನೆಗೇ ಬಂದರು. “ನೋಡ್ರೀ ಮೇಷ್ಟ್ರೆ, ನಾಕು ಜನ ಕಣ್ಣೀರು ಹಾಕೋ ಹಂಗಿರ್ಬೇಕು. ಮಳೆ ಬರೋದ್ರೊಳಗೆ ಮಂದೆ ಆಗ್ಬೇಕು, ನೆನಪಿರ್ಲಿ.”

ಮೂರು ಪುಟ ಬರೆದೆ. ಕಲೆಗೆ ಕುಲವಿಲ್ಲ ಎಂದೆ, ಕಂಬಳಿಯ ಎಳೆ ಎಳೆಯಲ್ಲೂ ತಾಯ ಬೆವರಿದೆ ಎಂದೆ. ತಿಳಿಯದೆ ನಡೆದುಹೋದ ಘಟನೆಯಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ ಎಂದು ಮುಗಿಸಿದೆ. ನಡೆದದ್ದು ಏನು ಎಂಬುದು ಮೂರು ಪುಟದಲ್ಲಿ ಎಲ್ಲೂ ಇರಲಿಲ್ಲ. ಯಾರು ನಕ್ಕರು ಎಂಬುದಂತೂ ಇರುವ ಹಾಗೇ ಇಲ್ಲ. ಹೆಂಡತಿ ಶೇಷಮ್ಮನಿಗೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಲೇ, “ನೀವು ಮೂಗು ಮುಚ್ಕೊಂಡಿದ್ದು ಬರ್ದಿಲ್ಲ,” ಎಂದಳು. ಅದು ಲೋಕಪ್ಪನವರ ಭಾಷಣ, ನನ್ನದಲ್ಲ ಎಂದು ಗದರಿದೆ.

ಸಂತೆಯ ದಿನ ಇಳಿಹೊತ್ತಿಗೆ ಟೆಂಟಿನ ಮುಂದಿನ ಬಯಲಲ್ಲಿ ಜನ ಸೇರಿದರು. ಗುಡ್ಡಮ್ಮನನ್ನು ಕುರ್ಚಿಯ ಮೇಲೆ ಕೂರಿಸಿದ್ದರು, ಮುಂದಿನ ಸಾಲಿನಲ್ಲೇ. ಹಿಂದೆ ಚಿಕ್ಕಬೀರಪ್ಪ, ಸಣ್ಣಬೀರಪ್ಪ, ಇನ್ನೊಂದಿಷ್ಟು ಕುರಿಯವರು ನಿಂತಿದ್ದರು. ಲೋಕಪ್ಪನವರು ಬಂದರು. ಕಾಗದ ನೋಡಲೇ ಇಲ್ಲ, ಎಲ್ಲ ಬಾಯಿಪಾಠ. ತಾಯ ಬೆವರು ಎಂಬಲ್ಲಿ ದನಿ ನಡುಗಿಸಿದರು. ವಿಷಾದ ಎಂಬಲ್ಲಿ ಮೊಣಕಾಲೂರಿದರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು, ನಾನೂ ವಲ್ಲಿಯಿಂದ ಒರೆಸಿಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಪುಣ್ಯಾತ್ಮ ತಡೆಯಲಾರದೆ ಒನ್ಸ್ ಮೋರ್ ಎಂದು ಕೂಗಿಬಿಟ್ಟ. ಲೋಕಪ್ಪನವರು ಅಭ್ಯಾಸಬಲದಿಂದ ಎದ್ದು, ಮತ್ತೆ ಮೊಣಕಾಲೂರಿ, ಕೊನೆಯ ಭಾಗವನ್ನು ಇನ್ನೊಮ್ಮೆ ಹೇಳಿದರು. ಎರಡನೇ ಸಲ ಇನ್ನೂ ಚೆನ್ನಾಗಿತ್ತು.

ಚಂದ್ರಶೇಖರಪ್ಪನವರು ಗುಡ್ಡಮ್ಮನ ಕಡೆ ತಿರುಗಿದರು. “ನೋಡವ್ವಾ, ಇಷ್ಟು ದೊಡ್ಡ ಮನುಷ್ಯ ಮಣ್ಣಿಗೆ ಮೊಣಕಾಲು ಹಚ್ಚಿದಾರೆ. ಆತು ಅಂತ ಒಂದ್ ಮಾತು ಅಂದುಬಿಡು.”

“ಭಾಳ ಚೆಂದ ಅಂದ್ರು ರೀ,” ಎಂದಳು ಗುಡ್ಡಮ್ಮ. ಮುಖದಲ್ಲಿ ನಿಜವಾದ ಮೆಚ್ಚುಗೆಯಿತ್ತು. “ಯಾರು ಬರೆದಿದ್ದು?”

ಸಾಹುಕಾರರು ನನ್ನನ್ನು ತೋರಿಸಿದರು. ನಾನು ಕೈ ಮುಗಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

“ಆದ್ರೆ ನಮ್ಮಲ್ಲಿ ಮಾತಿಂದ ತೀರಾದಿಲ್ಲ ರೀ. ನಾವು ಕಂಬಳಿ ಹಾಸ್ತೀವಿ.”

ಅವರ ಹಟ್ಟಿಗಳ ಕ್ರಮ ಅದು. ಯಾರಿಗಾದರೂ ಅನ್ಯಾಯವಾದರೆ ಹಿರಿಯರ ಎದುರಿಗೆ ಒಂದು ಕಂಬಳಿ ಹಾಸುತ್ತಾರೆ. ಆ ತಪ್ಪಿನಲ್ಲಿ ಪಾಲಿದ್ದವರು, ಹಿರಿದಿರಲಿ ಕಿರಿದಿರಲಿ, ತಾವಾಗಿ ಬಂದು ಅದರ ಮೇಲೆ ಕೂತು ಒಂದು ಎಲೆ ಅಡಿಕೆ ತೆಗೆದುಕೊಳ್ಳಬೇಕು. ಹೆಸರು ಹಿಡಿದು ಕರೆಯುವಂತಿಲ್ಲ. ಎಲ್ಲರೂ ಕೂತ ಮೇಲೆ ಅನ್ಯಾಯವಾದವರು ಬಂದು ಅದೇ ಕಂಬಳಿಯ ಅಂಚಿನಲ್ಲಿ ಕೂರುತ್ತಾರೆ. ಅಲ್ಲಿಗೆ ಮುಗಿಯಿತು. ಆಮೇಲೆ ಆ ಮಾತನ್ನು ಯಾರೂ ಎತ್ತಬಾರದು.

ಗುಡ್ಡಮ್ಮ ತಮ್ಮನ ಕೈಯಿಂದ ಕಂಬಳಿ ತೆಗೆದುಕೊಂಡು ಬಯಲಿನ ನಡುವೆ ಹಾಸಿದಳು. ಲೋಕಪ್ಪನವರಿಗೆಂದು ಮಾಡಿಸಿದ್ದ ಕಂಬಳಿಯೇ. ಹುಳಿ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಲೋಕಪ್ಪನವರು ಒಮ್ಮೆ ಕಂಬಳಿ ನೋಡಿದರು, ಒಮ್ಮೆ ಜನರನ್ನು ನೋಡಿದರು. ಇದು ಭಾಷಣದಲ್ಲಿ ಇರಲಿಲ್ಲ. ಜರಿಯಂಚಿನ ಪಂಚೆ ಎತ್ತಿಕೊಂಡು, ಚಪ್ಪಲಿ ಬಿಟ್ಟು, ಹೋಗಿ ಕೂತರು. ಎಲೆ ಅಡಿಕೆ ತೆಗೆದುಕೊಂಡರು. ಜನ ಚಪ್ಪಾಳೆ ತಟ್ಟಿದರು.

ಗುಡ್ಡಮ್ಮ ಕೂರಲಿಲ್ಲ.

“ಇನ್ನೇನವ್ವಾ, ಕೂತ್ಕ ಹೋಗು,” ಎಂದರು ಸಾಹುಕಾರರು.

“ಉಳಿದೋರು ಬರ್ಲಿ ರೀ.”

“ಉಳಿದೋರು ಯಾರು?”

“ನಕ್ಕೋರು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವತ್ತು ಒಬ್ಬನೂ ಹೆಗಲು ಮುಟ್ಟಲಿಲ್ಲ. ಎಲ್ಲರೂ ಅಕ್ಕಪಕ್ಕದವರ ಹೆಗಲು ನೋಡಿದರು. ಒಬ್ಬರಿಗೆ ಆನವಟ್ಟಿಯ ಬಸ್ಸು ತಪ್ಪುವ ಹೆದರಿಕೆ ಬಂತು. ಇನ್ನೊಬ್ಬರಿಗೆ ಅವತ್ತು ಮಡಿ. ಸಾಹುಕಾರರು, ಜನ ನಕ್ಕರೆ ಅದು ಕೆಟ್ಟ ನಗೆಯಲ್ಲ, ಸಂತೋಷದ ನಗೆ ಎಂದು ಅರ್ಥ ಹೇಳತೊಡಗಿದರು. ಗುಡ್ಡಮ್ಮನ ಕಣ್ಣು ತಿರುಗುತ್ತ ಬಂದು ನನ್ನ ಮೇಲೆ ನಿಂತಿತು. ನನಗೂ ಕಂಬಳಿಗೂ ನಡುವೆ ಹತ್ತು ಹೆಜ್ಜೆ ಇರಲಿಲ್ಲ.

ನಾನು ಗಂಜಿ ಹಾಕಿ ಇಸ್ತ್ರಿ ಮಾಡಿಸಿದ ಬಿಳಿ ಪಂಚೆ ಉಟ್ಟಿದ್ದೆ. ಹೆಡ್ ಮಾಸ್ಟರು ನಿಂತಿದ್ದರು, ಕ್ಲಾಸಿನ ಹುಡುಗರು ನಿಂತಿದ್ದರು. ಅಷ್ಟು ಹೊತ್ತಿನವರೆಗೆ ಭಾಷಣ ಬರೆದವನೆಂದು ಎಲ್ಲರೂ ನನ್ನನ್ನು ಗೌರವದಿಂದ ನೋಡಿದ್ದರು. ಆ ಹತ್ತು ಹೆಜ್ಜೆ ನಡೆದರೆ ಮೂಗು ಮುಚ್ಚಿಕೊಂಡವನೆಂದು ನೋಡುತ್ತಾರೆ. ಬಗ್ಗಿ ಚಪ್ಪಲಿಯ ಉಂಗುಟ ಸರಿಮಾಡಿಕೊಂಡೆ. ಅದು ಸರಿಯಾಗಿಯೇ ಇತ್ತು.

ಗುಡ್ಡಮ್ಮ ಇನ್ನು ಕಾಯುವುದರಲ್ಲಿ ಅರ್ಥವಿಲ್ಲವೆಂದು ತಿಳಿದು ಕಂಬಳಿಯ ಅಂಚಿನಲ್ಲಿ ಕೂತಳು. ಲೋಕಪ್ಪನವರಿಗೆ, “ನಿಮ್ಮ ಪಾಲಿಂದು ತೀರ್ತು ರೀ,” ಎಂದಳು. ಎದ್ದು ಕಂಬಳಿ ಕೊಡವಿ ಮಡಚಿ ಅವರ ಕೈಗೇ ಕೊಟ್ಟಳು. “ನಿಮಗೇ ಅಂತ ಮಾಡ್ಸಿದ್ದು.” ಅವರು ಆ ಸೆಕೆಯಲ್ಲಿ ಅದನ್ನು ಹೊದ್ದುಕೊಂಡೇ ಟೆಂಟಿನೊಳಗೆ ಹೋದರು.

“ಹಂಗಾರೆ ಮಂದೆ?” ಎಂದು ಸಾಹುಕಾರರು ಆಸೆಯಿಂದ ಕೇಳಿದರು.

“ಒಬ್ಬರದು ತೀರೈತಿ,” ಎಂದ ಚಿಕ್ಕಬೀರಪ್ಪ. “ಅವರದು ಗದ್ದೆ ಇದ್ರೆ ತೋರಿಸ್ರಿ, ಇವತ್ತೇ ಹಾಕ್ತೀವಿ.”

ಲೋಕಪ್ಪನವರಿಗೆ ಟೆಂಟು ಬಿಟ್ಟರೆ ಇನ್ನೇನೂ ಇರಲಿಲ್ಲ.

ಕುರಿಗಳು ಹೊಸಬಾಳೆ, ಗುಡವಿ ಕಡೆಗೆ ಹೋದವು. ಅಲ್ಲಿಯವರು ಬಡವರು, ನಾಟಕ ನೋಡಿರಲಿಲ್ಲ, ಹಾಗಾಗಿ ನಕ್ಕಿರಲೂ ಇಲ್ಲ. ಆ ವರ್ಷ ಅವರ ಭತ್ತ ಎದೆಯ ಮಟ್ಟ ಬಂತು. ಚಂದ್ರಶೇಖರಪ್ಪನವರು ಸರ್ಕಾರದ ಹೊಸ ಚೀಲದ ಗೊಬ್ಬರ ತರಿಸಿ, ಅದರ ಘಾಟಿಗೆ ಮೂಗಿಗೆ ಬಟ್ಟೆ ಕಟ್ಟಿಸಿ ಆಳುಗಳಿಂದ ಎರಚಿಸಿದರು. ಊರು ತನ್ನ ತೀರ್ಪು ಕೊಟ್ಟುಕೊಂಡಿತು: ಲೋಕಪ್ಪನವರದು ದೊಡ್ಡ ಮನಸ್ಸು, ಗುಡ್ಡಮ್ಮನಿಗೆ ಸೊಕ್ಕು. ಪತ್ರಿಕೆಯೊಂದರಲ್ಲಿ ನನ್ನ ಮೂರು ಪುಟವೂ ಅಚ್ಚಾದವು, ಲೋಕಪ್ಪನವರ ಹೆಸರಿನಲ್ಲಿ. ಆನವಟ್ಟಿಯ ಕ್ಯಾಂಪಿನಲ್ಲಿ ಅವರು ಆ ಭಾಷಣವನ್ನು ಸಂತನ ನಾಟಕದ ನಡುವೆಯೇ ಸೇರಿಸಿಕೊಂಡು, ಕಂಬಳಿ ಹೊದ್ದು ಹೇಳುತ್ತಿದ್ದರಂತೆ. ದಿನಾ ಒನ್ಸ್ ಮೋರ್ ಅಂತೆ.

ಆ ಒಂದು ವರ್ಷ ನನಗೆ ನೆಮ್ಮದಿ ಇರಲಿಲ್ಲ. ಸುಳ್ಳಲ್ಲ. ಮರುವರ್ಷ ಕುರಿಗಳು ಹೊಸಬಾಳೆಯಲ್ಲಿ ಇಳಿದಿವೆ ಎಂದು ತಿಳಿದಾಗ, ರಜೆಯ ದಿನ ನಡೆದುಕೊಂಡೇ ಹೋದೆ. ಗುಡ್ಡಮ್ಮ ಗದ್ದೆಯ ಬದುವಿನಲ್ಲಿ ಒಬ್ಬಳೇ ಕೂತು ನೂಲುತ್ತಿದ್ದಳು. ಕುಡಿಯಲು ಮಜ್ಜಿಗೆ ಕೊಟ್ಟಳು. ಮೊದಲು ಧೈರ್ಯ ಸಾಲದೆ ಆನವಟ್ಟಿಯ ಸುದ್ದಿ ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು.

“ಮಾಡ್ಲಿ ಬಿಡ್ರೀ, ನಟನೆ ಅವರ ಕಸುಬು. ಅವತ್ತೂ ನಟನೆನೇ ಇರಬೋದು. ಆದ್ರೆ ಅಷ್ಟು ಜನದ ಮುಂದೆ ಕುಂತಿದ್ದು ಸುಳ್ಳಲ್ಲವಲ್ಲ.”

ಆಗ ಹೇಳಿದೆ. ಇನ್ನೊಬ್ಬರಿಗೆ ಮೂರು ಪುಟ ಬರೆದವನಿಗೆ ತನ್ನ ಪಾಲಿಗೆ ಸಿಕ್ಕಿದ್ದು ಇಷ್ಟೇ ಮಾತು. “ಗುಡ್ಡಮ್ಮಾ, ಅವತ್ತು ನಾನೂ ನಕ್ಕಿದ್ದೆ. ಮೂಗಿಗೆ ಬಟ್ಟೆ ಹಿಡ್ದಿದ್ದೆ. ತಪ್ಪಾಯ್ತು.”

“ಗೊತ್ತೈತ್ರೀ ಮೇಷ್ಟ್ರೆ. ಪಕ್ಕದಾಗೇ ಇದ್ರಲ್ಲ.”

“ಕಂಬಳಿ ಹಾಸು. ಕೂರ್ತೀನಿ.”

ಅವಳು ಸುತ್ತ ನೋಡಿದಳು. ಕುರಿಗಳು ಬಿಟ್ಟರೆ ಅಲ್ಲಿ ಒಂದು ನಾಯಿ ಇತ್ತು, ಅದೂ ಮಲಗಿತ್ತು.

“ನಕ್ಕಿದ್ದು ಊರ ಮುಂದೆ. ಕುಂದ್ರಾದು ಕುರಿ ಮುಂದೆ ಅಂದ್ರೆ ಹೆಂಗ್ರೀ?” ಎಂದಳು. ಬೇಸರದಿಂದ ಹೇಳಿದ್ದಲ್ಲ, ಲೆಕ್ಕ ತಪ್ಪಿದ ಹುಡುಗನಿಗೆ ನಾನು ಹೇಳುವ ಹಾಗೆ ಹೇಳಿದಳು. ಮತ್ತೆ ತಾನೇ, “ಬರೋ ಸಂತೆಗೆ ಸೊರಬಕ್ಕೆ ಬರ್ತೀನಿ. ಕಂಬಳಿ ತರ್ತೀನಿ. ಬಸ್ ಸ್ಟ್ಯಾಂಡಿನ ಹತ್ರ ಹಾಸ್ತೀನಿ. ನೀವೊಬ್ರು ಬರ್ರಿ ಸಾಕು,” ಎಂದಳು.

ಬರುತ್ತೇನೆ ಎಂದೆ. ಹಗುರಾಗಿ ಮನೆಗೆ ಬಂದೆ.

ಆ ಸಂತೆಯ ದಿನ ಬೆಳಿಗ್ಗೆ ನನಗೆ ಜ್ವರ ಬಂತು. ಶೇಷಮ್ಮ ಹಣೆ ಮುಟ್ಟಿ ನೋಡಿ, ಅಕ್ಕಿ ಆರಿಸಲು ಒಳಗೆ ಹೋದಳು. ಗುಡ್ಡಮ್ಮ ಬಂದಿದ್ದಳಂತೆ. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಕಂಬಳಿ ಹಾಸಿ, ಎಲೆ ಅಡಿಕೆ ಇಟ್ಟು, ಪಕ್ಕದಲ್ಲಿ ನಿಂತೇ ನೂಲುತ್ತಿದ್ದಳಂತೆ. ಕಂಬಳಿ ಮಾರಾಟಕ್ಕೆ ಎಂದುಕೊಂಡು ಇಬ್ಬರು ಮೂವರು ಬೆಲೆ ಕೇಳಿದರಂತೆ. ಕೊನೆಯ ಬಸ್ಸು ಹೋಗುವವರೆಗೂ ಇದ್ದಳು ಎಂದು ಸೋಡಾ ಅಂಗಡಿಯವನು ಹೇಳಿದ.

ಅವಳು ಆಮೇಲೂ ಎಂಟು ಹತ್ತು ವರ್ಷ ಕುರಿಗಳ ಹಿಂದೆ ನಮ್ಮ ಕಡೆಗೆ ಬಂದಳು. ಸಂತೆಯಲ್ಲಿ ಕಂಡಾಗಲೆಲ್ಲ ಕದಿರು ನಿಲ್ಲಿಸದೆ, “ಆರಾಮ ಇದೀರಾ ಮೇಷ್ಟ್ರೆ?” ಎಂದು ಕೇಳುತ್ತಿದ್ದಳು. ಅವತ್ತು ಯಾಕೆ ಬರಲಿಲ್ಲ ಎಂದು ಒಂದು ಸಲವಾದರೂ ಕೇಳುತ್ತಾಳೆಂದು ಕಾದೆ. ಜ್ವರದ ಮಾತು ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಅವಳು ಕೇಳಲೇ ಇಲ್ಲ.